ಕಾಮಿಕ್ಸ್ ಪುಟದಿಂದ ದೇವರ ಗೂಡಿಗೆ

1962ರಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಸಂಗತಿಗಳು ನಡೆದವು. ಅಮೆರಿಕದ ಮಿಸೌರಿ ರಾಜ್ಯದ ಫುಲ್ಟನ್ ಊರಿನಲ್ಲಿ ಟಿಮ್ ಝೆಲ್, ಲ್ಯಾನ್ಸ್ ಕ್ರಿಸ್ಟಿ ಎಂಬ ಇಬ್ಬರು ಕಾಲೇಜು ವಿದ್ಯಾರ್ಥಿಗಳು ನೀರನ್ನು ಹಂಚಿಕೊಂಡು ಕುಡಿದು ಸೋದರರಾದರು. ರಾಬರ್ಟ್ ಹೈನ್‌ಲೈನ್ ಹಿಂದಿನ ವರ್ಷವಷ್ಟೇ ಪ್ರಕಟಿಸಿದ್ದ ವೈಜ್ಞಾನಿಕ ಕಾದಂಬರಿಯಿಂದ ಎತ್ತಿಕೊಂಡ ವಿಧಿ ಅದು. ನ್ಯೂಯಾರ್ಕಿನಲ್ಲಿ ಮಾರ್ವೆಲ್ ಸಂಸ್ಥೆ ತನ್ನ ಆಗಸ್ಟ್ ಸಂಚಿಕೆಯೊಂದರಲ್ಲಿ ನಾರ್ಡಿಕ್ ದೇವರು ಥಾರ್‌ನನ್ನು ಕಾಮಿಕ್ಸ್ ನಾಯಕನನ್ನಾಗಿಸಿತು. ಎರಡು ತಿಂಗಳ ಬಳಿಕ ಅದೇ ಪುರಾಣಗಳ ಲೋಕಿಯೂ ಬಂದ. ಅತ್ತ ರೊಮೇನಿಯದ ಕಾನ್‌ಸ್ಟಾಂಟ್ಸಾ ನಗರದಲ್ಲಿ ನೆಲ ಅಗೆಯುವಾಗ ಸುರುಳಿ ಸುತ್ತಿ ಕುಳಿತ ಅಮೃತಶಿಲೆಯ ಹಾವೊಂದು ಸಿಕ್ಕಿತು. ಮನುಷ್ಯನ ಕೂದಲು, ಮನುಷ್ಯನ ಕಿವಿ, ಸಿಂಹದ ಬಾಲ. ರೋಮನ್ನರ ಕಾಲದ ಗ್ಲೈಕಾನ್ ಎಂಬ ದೇವರು ಅದು.

ಪಾಪ್ ಸಂಸ್ಕೃತಿಯ ಮೂಲಕ ಪ್ರಾಚೀನ ದೇವತೆಗಳನ್ನು ಆವಾಹಿಸುವ ಇಂದಿನ ಪಾಶ್ಚಾತ್ಯ ಮಾಂತ್ರಿಕ ಪರಂಪರೆಯಲ್ಲಿ ಈ ಮೂರಕ್ಕೂ ಪಾಲಿದೆ.

ಫುಲ್ಟನ್‌ನ ಗೆಳೆಯರ ಬಳಗ ಮುಂದೆ ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಅದರ ‘ಗ್ರೀನ್ ಎಗ್’ ಪತ್ರಿಕೆ ಅಮೆರಿಕದ ಪೇಗನ್ ಪುನರುಜ್ಜೀವನದ ಮುಖ್ಯ ವೇದಿಕೆಯಾಯಿತು. ಅರವತ್ತರ ದಶಕದಲ್ಲೇ ಗ್ರೆಗ್ ಹಿಲ್ ಮತ್ತು ಕೆರಿ ಥಾರ್ನ್‌ಲಿ, ಟ್ರೋಜನ್ ಯುದ್ಧಕ್ಕೆ ಕಿಡಿ ಹಚ್ಚಿದ ಗ್ರೀಕರ ಕಲಹದೇವತೆ ಎರಿಸ್‌ಳನ್ನು ನಡುವಿಗಿಟ್ಟು ಡಿಸ್ಕಾರ್ಡಿಯನ್ ಪಂಥ ಕಟ್ಟಿದರು. ನಗೆಚಾಟಿಕೆಯಾಗಿ ಹುಟ್ಟಿದ ಪಂಥದೊಳಗೆ ಎರಿಸ್‌ಳನ್ನು ನಿಜವಾಗಿ ನಂಬಿ ಪೂಜಿಸುವವರೂ ಕ್ರಮೇಣ ಸೇರಿಕೊಂಡರು.

ಗೊಂದಲವೂ ಬೇಗನೆ ಶುರುವಾಯಿತು. ಎಚ್. ಪಿ. ಲವ್‌ಕ್ರಾಫ್ಟ್ ತನ್ನ ಭಯಾನಕ ಕಥೆಗಳಿಗಾಗಿ ‘ನೆಕ್ರೊನೊಮಿಕಾನ್’ ಎಂಬ ಮಂತ್ರಗ್ರಂಥವನ್ನು ಕಲ್ಪಿಸಿದ್ದ. ಆತ ಸ್ವತಃ ನಾಸ್ತಿಕ. 1977ರಲ್ಲಿ ‘ಸೈಮನ್’ ಎಂಬ ಗುಪ್ತನಾಮದಲ್ಲಿ ಅದೇ ಹೆಸರಿನ ನಿಜವಾದ ಪುಸ್ತಕವೊಂದು ಮಾರುಕಟ್ಟೆಗೆ ಬಂತು. ಮೆಸೊಪೊಟೇಮಿಯದ ಇನಾನ್ನ, ಮರ್ದುಕರ ಜೊತೆಗೆ ಲವ್‌ಕ್ರಾಫ್ಟನ ಕಾಲ್ಪನಿಕ ಜೀವಿಗಳನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸಿತ್ತು. ಸುಮೇರಿನ ದೇವತೆಗಳ ಪರಿಚಯಕ್ಕೆ ಇದನ್ನೇ ನೆಚ್ಚಿಕೊಂಡ ಓದುಗನಿಗೆ ಮಣ್ಣಿನ ಫಲಕಗಳಲ್ಲಿ ಇರುವುದೆಷ್ಟು, ಕಥೆಗಾರನ ತಲೆಯಿಂದ ಬಂದದ್ದೆಷ್ಟು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಈ ಕ್ಷೇತ್ರವನ್ನು ಇಂದಿಗೂ ಕಾಡುವ ತೊಡಕು ಇದೇ.

ಇಂಥ ಬೆರಕೆಗೆ ಒಂದು ಸಿದ್ಧಾಂತ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. 1978ರಲ್ಲಿ ಪೀಟರ್ ಕ್ಯಾರಲ್ ಮತ್ತು ರೇ ಶರ್ವಿನ್ ಅವರ ಪುಸ್ತಕಗಳು ‘ಕೇಯಾಸ್ ಮ್ಯಾಜಿಕ್’ಗೆ ತಳಹದಿ ಹಾಕಿದವು. ಇಬ್ಬರೂ ಲಂಡನ್ನಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್‌ಗೆ ಋಣಿಗಳು. ಸ್ಪೇರ್‌ನ ವಿಧಾನ ಸರಳ: ಬಯಕೆಯನ್ನು ಒಂದು ವಾಕ್ಯವಾಗಿ ಬರೆಯಬೇಕು, ಮರುಕಳಿಸುವ ಅಕ್ಷರಗಳನ್ನು ಹೊಡೆದುಹಾಕಬೇಕು, ಉಳಿದವನ್ನು ಹೆಣೆದು ‘ಸಿಗಿಲ್’ ಎಂಬ ಒಂದೇ ಗುರುತಾಗಿ ಬಿಡಿಸಬೇಕು, ಅದರ ಮೇಲೆ ಚಿತ್ತ ನೆಟ್ಟು ಬಳಿಕ ಮರೆತುಬಿಡಬೇಕು. ಇಲ್ಲಿ ನಂಬಿಕೆ ಒಂದು ಸಲಕರಣೆ. ಕೆಲಸವಿರುವಷ್ಟು ಹೊತ್ತು ಹಿಡಿದು, ಆಮೇಲೆ ಕೆಳಗಿಡಬಹುದು. ಹಾಗಾದ ಮೇಲೆ ಗ್ರೀಕರ ಚುರುಕು ದೇವರು ಹರ್ಮಿಸ್‌ನನ್ನೇ ಕರೆಯಬೇಕೆಂಬ ಕಟ್ಟುಪಾಡು ಏಕೆ? ಅದೇ ಚುರುಕುತನವುಳ್ಳ ಕಾಮಿಕ್ಸ್ ನಾಯಕನೂ ಆಗಬಹುದು ಎಂಬ ವಾದ ಇಲ್ಲಿಂದ ಹೊರಟಿತು.

ಆ ವಾದವನ್ನು ಬಾಳಿ ತೋರಿಸಿದವರಲ್ಲಿ ಅಲನ್ ಮೂರ್ ಎಲ್ಲರಿಗಿಂತ ಪ್ರಾಮಾಣಿಕ. ‘ವಾಚ್‌ಮೆನ್’ ಖ್ಯಾತಿಯ ಈ ಕಾಮಿಕ್ಸ್ ಲೇಖಕ 1993ರ ನವೆಂಬರಿನಲ್ಲಿ, ತಮ್ಮ ನಲವತ್ತನೇ ಹುಟ್ಟುಹಬ್ಬದಂದು, ತಾನಿನ್ನು ಮಾಂತ್ರಿಕ ಎಂದು ಸಾರಿದರು. ಬಳಿಕ ಅವರು ಆರಿಸಿಕೊಂಡ ಆರಾಧ್ಯದೈವ ಗ್ಲೈಕಾನ್. ಕ್ರಿ.ಶ. ಎರಡನೇ ಶತಮಾನದಲ್ಲಿ, ಕಪ್ಪು ಸಮುದ್ರದ ದಡದ ಅಬೊನೊಟೀಕಸ್‌ನಲ್ಲಿ ಅಲೆಕ್ಸಾಂಡರ್ ಎಂಬಾತ ಈ ಸರ್ಪದೇವನ ಪಂಥವನ್ನು ನಡೆಸುತ್ತಿದ್ದ. ಸಮಕಾಲೀನ ಲೇಖಕ ಲೂಸಿಯನ್ ಅವನ ಬಂಡವಾಳವನ್ನೆಲ್ಲ ಬಯಲಿಗೆಳೆದಿದ್ದಾನೆ: ಹಾವಿನ ತಲೆ ಬಟ್ಟೆಯದು, ಬಾಯಿ ತೆರೆದು ಮುಚ್ಚಲು ಕುದುರೆ ಕೂದಲು, ದೇವವಾಣಿ ಹೊರಡಿಸಲು ಕೊಕ್ಕರೆಗಳ ಗಂಟಲ ನಾಳಗಳನ್ನು ಜೋಡಿಸಿದ ಕೊಳವೆ. ಮೂರ್ ಅವರಿಗೆ ಇದೆಲ್ಲ ಗೊತ್ತು, ಗೊತ್ತಿದ್ದೇ ಆರಿಸಿಕೊಂಡರು. ಬೊಂಬೆಯೆಂದು ಜಗಜ್ಜಾಹೀರಾದ ದೇವರನ್ನು ಪೂಜಿಸುವವನು ತನ್ನನ್ನು ಪ್ರವಾದಿಯೆಂದು ಭ್ರಮಿಸುವ ಅಪಾಯ ಕಡಿಮೆ. ದೇವರುಗಳು ನಿಸ್ಸಂಶಯವಾಗಿ ಇರುವ ಜಾಗ ಮನುಷ್ಯನ ಮನಸ್ಸು, ಅಲ್ಲಿ ಅವರ ಬಲ ನಿಜವಾದದ್ದೇ ಎಂಬುದು ಅವರ ನಿಲುವು. 1999ರಿಂದ 2005ರವರೆಗೆ ಬಂದ ಅವರ ‘ಪ್ರೊಮಿಥಿಯಾ’ ಸರಣಿ ಈ ತತ್ತ್ವವನ್ನೇ ಚಿತ್ರಕಥೆಯಾಗಿಸಿತು. ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ ತಮ್ಮ ‘ದಿ ಇನ್‌ವಿಸಿಬಲ್ಸ್’ ಕಾಮಿಕ್ಸನ್ನು ವರ್ಷಗಟ್ಟಲೆ ನಡೆಯುವ ಒಂದು ಮಹಾಸಿಗಿಲ್ ಎಂದೇ ಕರೆದರು.

2004ರಲ್ಲಿ ಟೇಲರ್ ಎಲ್‌ವುಡ್ ಅವರ ‘ಪಾಪ್ ಕಲ್ಚರ್ ಮ್ಯಾಜಿಕ್’ ಪುಸ್ತಕ ಬಂದ ಮೇಲೆ ಈ ಬಗೆಯ ಸಾಧನೆಗೆ ಹೆಸರೂ ಸಿಕ್ಕಿತು, ಕೈಪಿಡಿಯೂ ಸಿಕ್ಕಿತು.

ಆದರೆ ಚರ್ಚೆ ಕಾವೇರಿದ್ದು 2011ರಲ್ಲಿ ‘ಥಾರ್’ ಸಿನಿಮಾ ತೆರೆಕಂಡ ಮೇಲೆ. ಟಾಮ್ ಹಿಡಲ್‌ಸ್ಟನ್ ನಟಿಸಿದ ಲೋಕಿಯ ಮೂಲಕ ನಾರ್ಡಿಕ್ ಪಂಥಗಳಿಗೆ ಹೊಸಬರು ಬಂದರು; ನಟನ ಚಿತ್ರವನ್ನೇ ದೇವರ ಗೂಡಿನಲ್ಲಿ ಇಟ್ಟುಕೊಂಡವರೂ ಇದ್ದರು. ಹಳಬರು ಸಿಡಿಮಿಡಿಗೊಂಡರು. ಅವರ ಆಕ್ಷೇಪಕ್ಕೆ ಆಧಾರವಿದೆ: ಹಳೆಯ ಕಥೆಗಳಲ್ಲಿ ಲೋಕಿ ದೇವತೆಗಳ ಒಡೆಯ ಓಡಿನ್‌ನೊಂದಿಗೆ ರಕ್ತ ಬೆರೆಸಿ ಸೋದರನಾದವನು, ಥಾರ್‌ನ ಸಾಕುತಮ್ಮನಲ್ಲ. ಥಾರ್‌ನದು ಕೆಂಪು ಗಡ್ಡ, ಹೊಂಬಣ್ಣದ ಕೂದಲಲ್ಲ.

ಹಾಗೆಂದು ಹಳಬರ ಲೋಕಿಯೂ ಕಲಬೆರಕೆಯಿಲ್ಲದೆ ಬಂದವನಲ್ಲ. ಅವನ ಬಹುತೇಕ ಕಥೆಗಳು ನಮಗೆ ತಿಳಿದಿರುವುದು ಐಸ್‌ಲೆಂಡಿನ ಸ್ನೊರಿ ಸ್ಟರ್ಲುಸನ್ ಹದಿಮೂರನೇ ಶತಮಾನದಲ್ಲಿ ಬರೆದ ‘ಎಡ್ಡಾ’ ಎಂಬ ಗ್ರಂಥದಿಂದ. ದೇಶ ಕ್ರೈಸ್ತವಾಗಿ ಇನ್ನೂರು ವರ್ಷ ಕಳೆದಿತ್ತು, ಸ್ನೊರಿಯೂ ಕ್ರೈಸ್ತನೇ. ಥಾರ್‌ನ ಹೆಸರು ಸ್ಕ್ಯಾಂಡಿನೇವಿಯದ ಎಷ್ಟೋ ಊರುಗಳ ಹೆಸರಿನಲ್ಲಿದೆ. ಲೋಕಿಗೆ ಅಂಥ ಊರುಗಳಿದ್ದ ಗುರುತಿಲ್ಲ, ಅವನನ್ನು ಪೂಜಿಸುತ್ತಿದ್ದರೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಡೆನ್ಮಾರ್ಕಿನ ಸ್ನಾಪ್‌ಟುನ್ ಕಡಲ ದಂಡೆಯಲ್ಲಿ 1950ರಲ್ಲಿ ಸಿಕ್ಕ ಕುಲುಮೆಯ ಕಲ್ಲೊಂದರ ಮೇಲೆ ಮೀಸೆ ಹೊತ್ತ ಮುಖವೊಂದಿದೆ, ತುಟಿಗಳಿಗೆ ಅಡ್ಡಡ್ಡ ಹೊಲಿಗೆ. ಕುಬ್ಜನೊಬ್ಬ ಲೋಕಿಯ ಬಾಯಿ ಹೊಲಿದ ಕಥೆ ಎಡ್ಡಾದಲ್ಲಿರುವುದರಿಂದ ಅದು ಅವನದೇ ಮುಖವೆಂದು ವಿದ್ವಾಂಸರು ಗುರುತಿಸುತ್ತಾರೆ. ಇಂದಿನ ಲೋಕಿ ಆರಾಧನೆಯನ್ನು ಹಾಗಾಗಿ ಹೊಸ ಭಕ್ತಿಯೆಂದೇ ಕಾಣಬೇಕು. ಹೊಸದಾದ ಮಾತ್ರಕ್ಕೆ ಅದು ಹುಸಿಯಾಗುವುದಿಲ್ಲ. ಸಿನಿಮಾ ಬಾಗಿಲು ತೆರೆದದ್ದೂ ತಪ್ಪಲ್ಲ. ಬಾಗಿಲಲ್ಲೇ ನಿಂತುಬಿಟ್ಟವರಿಗೆ ಮಾತ್ರ ಆ ಹೊಲಿದ ತುಟಿಗಳ ದೇವರು ಎಂದೂ ಎದುರಾಗುವುದಿಲ್ಲ.

ನಿಂತುಬಿಟ್ಟರೆ ಏನಾಗುತ್ತದೆಂಬುದಕ್ಕೆ 2016ರ ‘ಕೆಕ್’ ಪ್ರಕರಣ ನೋಡಬೇಕು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಒಂದು ಪಕ್ಷದವರು ನಗುವನ್ನು ಟೈಪಿಸಿದರೆ ಎದುರು ಪಕ್ಷಕ್ಕೆ ‘ಕೆಕ್’ ಎಂದು ಕಾಣುತ್ತಿತ್ತು. ಪ್ರಾಚೀನ ಈಜಿಪ್ಟಿನ ಹರ್ಮೊಪೊಲಿಸ್‌ನ ಎಂಟು ಆದಿದೇವತೆಗಳಲ್ಲಿ ಕತ್ತಲೆಗೆ ಸೇರಿದ, ಕಪ್ಪೆಮುಖದ ದೇವರೊಬ್ಬನ ಹೆಸರೂ ಕೆಕ್. ಮ್ಯಾಟ್ ಫ್ಯೂರಿ ಬಿಡಿಸಿದ್ದ ಪೆಪೆ ಎಂಬ ಸಾಧು ಕಪ್ಪೆಯ ಕಾರ್ಟೂನಿಗೆ ಈ ದೇವರನ್ನು ಅಂಟಿಸಿ, ಅಮೆರಿಕದ ತೀವ್ರ ಬಲಪಂಥೀಯ ಯುವಕರು ಚುನಾವಣೆಯ ಹೊತ್ತಿನಲ್ಲಿ, ಮೀಮ್ ಹರಡಿಯೇ ಫಲಿತಾಂಶ ಬದಲಿಸುವ ‘ಮೀಮ್ ಮ್ಯಾಜಿಕ್’ ಇದು ಎಂದು ಕುಣಿದರು. ಅದೇ ಸೆಪ್ಟೆಂಬರಿನಲ್ಲಿ ಆಂಟಿ ಡಿಫಮೇಶನ್ ಲೀಗ್ ಪೆಪೆಯ ಚಿತ್ರವನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಕೆಕ್‌ನ ಜೊತೆಗಾತಿ ಕೆಕೆಟ್, ಸೂರ್ಯೋದಯಕ್ಕೆ ಮುಂಚಿನ ಕತ್ತಲೆಯ ಆ ಸೃಷ್ಟಿತತ್ತ್ವ, ಇವೆಲ್ಲ ಆ ಗುಂಪಿಗೆ ಬೇಕೇ ಇರಲಿಲ್ಲ.

ಭಕ್ತರು ಬದುಕಿರುವ ದೇವರುಗಳ ವಿಷಯವೇ ಬೇರೆ. 1999ರಲ್ಲಿ ‘ಝೀನಾ’ ಧಾರಾವಾಹಿಯ ಕಂತೊಂದರಲ್ಲಿ ಕೃಷ್ಣ, ಹನುಮಂತರು ಪಾತ್ರಗಳಾಗಿ ಬಂದಾಗ ಹಿಂದೂ ಸಂಘಟನೆಗಳು ಪ್ರತಿಭಟಿಸಿದವು, ಕಂತಿನ ಪ್ರಸಾರ ಕೆಲಕಾಲ ನಿಂತಿತು. ‘ಕಾಂತಾರ’ ಸಿನಿಮಾದ ಬಳಿಕ ದೈವದ ವೇಷವನ್ನು ವೇದಿಕೆಗಳಲ್ಲಿ ಅನುಕರಿಸಿದವರ ಮೇಲೆ ತುಳುನಾಡಿನ ದೈವಾರಾಧಕರು ಮುನಿದದ್ದು ಕನ್ನಡಿಗರಿಗೆ ಗೊತ್ತೇ ಇದೆ. ಎರಿಸ್, ಗ್ಲೈಕಾನ್‌ರ ಪರವಾಗಿ ಆಕ್ಷೇಪಿಸಲು ಪಾತ್ರಿಗಳ ಮನೆತನಗಳು ಉಳಿದಿಲ್ಲ, ತುಳುನಾಡಿನ ದೈವ ಪಂಜುರ್ಲಿಗೆ ಇವೆ.

ಡೆನ್ಮಾರ್ಕಿನ ವಿದ್ವಾಂಸ ಮಾರ್ಕುಸ್ ಆಲ್ಟೆನಾ ಡೇವಿಡ್ಸೆನ್ 2013ರಲ್ಲಿ ಕಲ್ಪಿತ ಕಥೆಯನ್ನೇ ಆಧರಿಸಿದ ಧರ್ಮ ಬೇರೆ, ಬರಿಯ ಅಭಿಮಾನ ಬೇರೆ ಎಂದು ಗೆರೆ ಎಳೆದರು. ತೆರೆಯ ಲೋಕಿಯಿಂದ ಎಡ್ಡಾದ ಲೋಕಿಯತ್ತ ನಡೆಯುವವರು ಆ ಗೆರೆಯ ಯಾವ ಬದಿಗೂ ಪೂರ್ತಿ ಒಗ್ಗುವುದಿಲ್ಲ. 2020ರಲ್ಲಿ ಬಂದ ‘ಹೇಡೀಸ್’ ಆಟ ಗ್ರೀಕ್ ಪಾತಾಳದ ಇಡೀ ಕುಟುಂಬವನ್ನೇ ಹೊಸ ಪೀಳಿಗೆಯ ಮುಂದಿಟ್ಟಿದೆ. ಆಟ ಮುಗಿಸಿ ಹೋಮರನ ಹೆಸರಿನಲ್ಲಿರುವ ಡಿಮೀಟರ್ ಸ್ತುತಿಯನ್ನು ಹುಡುಕಿ ಓದುವವರಿಗೆ, ಆಟದ ಪರ್ಸೆಫನಿ ಅಲ್ಲಿ ಅಪಹೃತ ಮಗಳಾಗಿ, ಅವಳ ತಾಯಿ ಇಡೀ ಭೂಮಿಯ ಬೆಳೆಯನ್ನೇ ತಡೆಹಿಡಿದ ದೇವತೆಯಾಗಿ ಸಿಗುತ್ತಾರೆ.