ಒಸಡಿನ ಅಂಚು: ಪಟಿಕದ ದಾರದಿಂದ ಲೇಸರಿನವರೆಗೆ

ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ಓಡಾಡುವ ನಮಗೆ ಪಟೇಲ್ ಎಂಬ ಹೆಸರು ಚಿರಪರಿಚಿತ. ಆ ಹೆಸರಿನವರೊಬ್ಬರು ದಂತಚಿಕಿತ್ಸೆಯ ಚರಿತ್ರೆಯಲ್ಲಿಯೂ ಸಲ್ಲುತ್ತಾರೆ. 1938ರಲ್ಲಿ ಬಾರಾಮತಿಯಲ್ಲಿ ಜನಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಮೃದುವಾದ ಅಂಗಾಂಶವನ್ನು ಕೊಯ್ಯುತ್ತಲೇ ರಕ್ತಸ್ರಾವವನ್ನು ತಡೆಯಬಲ್ಲ ಆ ಕಿರಣವು ಕಾಲಕ್ರಮದಲ್ಲಿ ಒಸಡಿನ ಚಿಕಿತ್ಸೆಗೂ ಬಂದಿತು.

ಹಲ್ಲಿಗೆ ಕ್ರೌನ್ ತೊಡಿಸುವಲ್ಲಿ ಒಸಡಿನ ಮಾತೇಕೆ? ಕ್ರೌನಿಗಾಗಿ ಅರೆದ ಹಲ್ಲಿನ ಅಂಚು ಅನೇಕ ವೇಳೆ ಒಸಡಿನ ಕೆಳಗೆ ಅಡಗಿರುತ್ತದೆ. ಅಚ್ಚು ತೆಗೆಯುವಾಗ ಅದು ಕಾಣದಿದ್ದರೆ, ಅಥವಾ ರಕ್ತ ಒಸರಿದರೆ, ಕ್ರೌನ್ ಬಿಗಿಯಾಗಿ ಕೂರದು. ಆ ಸಂದಿನಲ್ಲಿ ಹುಳುಕು ಮತ್ತೆ ಹುಟ್ಟುತ್ತದೆ. ಇಂದಿನ ಸ್ಕ್ಯಾನರಿಗೂ ಇದೇ ತೊಡಕು. ಆದುದರಿಂದ ವೈದ್ಯರು ಹಲ್ಲಿನ ಸುತ್ತ ಸಣ್ಣ ದಾರವನ್ನು ಒತ್ತಿ ಒಸಡನ್ನು ಸರಿಸುತ್ತ ಬಂದಿದ್ದಾರೆ. ರಕ್ತ ನಿಲ್ಲಲೆಂದು ಆ ದಾರಕ್ಕೆ ಹಚ್ಚುತ್ತಿದ್ದ ಔಷಧಗಳಲ್ಲಿ ಪಟಿಕವೂ ಒಂದು. ನಮ್ಮೂರ ಕ್ಷೌರಿಕರು ಕೆನ್ನೆಗೆ ಉಜ್ಜುತ್ತಿದ್ದ ಅದೇ ಪಟಿಕ! ಅಡ್ರಿನಲಿನ್ ದಾರವೂ ಬಳಕೆಯಲ್ಲಿತ್ತು, ಆದರೆ ಹೃದ್ರೋಗಿಗಳಿಗೆ ಅದು ಅಪಾಯವೆನಿಸಿತು. ವಿದ್ಯುತ್ತಿನಿಂದ ಒಸಡನ್ನು ಕೊಯ್ಯುವ ವಿಧಾನ ಬಂದಾಗ ಪೇಸ್‌ಮೇಕರ್ ಇದ್ದವರ ವಿಷಯದಲ್ಲಿ ಎಚ್ಚರ ವಹಿಸಬೇಕಾಯಿತು.

ಲೇಸರಿನ ಹಾದಿಯೂ ಸುಗಮವಾಗಿರಲಿಲ್ಲ. ಮೇಮನ್ನರು 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಅದನ್ನು ಹಲ್ಲಿನ ಮೇಲೆ ಪ್ರಯೋಗಿಸಲಾಯಿತಾದರೂ, ಅದರ ಶಾಖವನ್ನು ಹಲ್ಲಿನ ಒಳತಿರುಳು ತಾಳದಾಯಿತು. ಒಸಡಿನಲ್ಲಿ ಮಾತ್ರ ಅದು ನೆಲೆ ಕಂಡುಕೊಂಡಿತು. ಈಗ ಹೆಚ್ಚಾಗಿ ಬಳಸುವುದು ಮೇಜಿನ ಮೇಲಿಡಬಹುದಾದ ಪುಟ್ಟ ಡಯೋಡ್ ಲೇಸರನ್ನು.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿಯಿದೆ. ಡಯೋಡ್ ಕಿರಣವನ್ನು ರಕ್ತದ ಹಿಮೋಗ್ಲೋಬಿನ್ನಿನಂತೆ ಮೆಲನಿನ್ ಕೂಡ ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮಲ್ಲಿ ಬಹುಮಂದಿಯ ಒಸಡು ಹುಟ್ಟಿನಿಂದಲೇ ಕಪ್ಪುಛಾಯೆಯದು. ಅದು ರೋಗವಲ್ಲ; ಆದರೆ ಅಂಥ ಒಸಡು ಬೇಗ ಕಾಯುತ್ತದೆ. ಶಕ್ತಿಯ ಮಟ್ಟವನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ಸುಟ್ಟ ಗಾಯ ಆಳಕ್ಕಿಳಿದೀತು. ವೈದ್ಯರನ್ನು ಈ ಬಗ್ಗೆ ಕೇಳಲು ಸಂಕೋಚವೇಕೆ?

ಊರಿಗೆ ಹೋದಾಗ ಹದಿನೈದು ದಿನಗಳ ರಜೆಯಲ್ಲೇ ಕ್ರೌನ್ ಮುಗಿಸಿಕೊಂಡು ಬರುವವರು ನಮ್ಮ ನಡುವೆ ಇದ್ದಾರೆ. ಲೇಸರ್ ಇದ್ದರೆ ಎಲ್ಲವೂ ಶೀಘ್ರವೆಂಬ ನಂಬಿಕೆ ಅವರದು. ಊದಿಕೊಂಡ ಒಸಡನ್ನು ಮೊದಲು ಶುಚಿಗೊಳಿಸಿ, ಅದು ಮಾಯುವವರೆಗೆ ಕಾಯುವುದೇ ಕ್ರಮ. ಕಿರಣವು ಆ ಕಾಯುವಿಕೆಯನ್ನು ತಪ್ಪಿಸಲಾರದು. ಒಸಡು ಆರೋಗ್ಯವಾಗಿದ್ದು ಅಂಚು ಮೇಲೆಯೇ ಕಾಣುತ್ತಿದ್ದರೆ, ಲೇಸರಾಗಲಿ ದಾರವಾಗಲಿ ಬೇಕಾಗುವುದೇ ಇಲ್ಲ.