ಛೇದವಿಲ್ಲದ ಅಂಶ: ವಿದೇಶಿ ಸ್ನಾತಕೋತ್ತರ ಪ್ರವೇಶದ ಸ್ವವಿವರದಲ್ಲಿ ಪದವಿ ಸಾಧನೆಗಳ ನಿರೂಪಣೆ

‘ಬಿ.ಇ., ಸಿಜಿಪಿಎ 8.5’ ಎಂಬ ಸಾಲನ್ನು ಬೆಂಗಳೂರಿನ ಪ್ರಾಧ್ಯಾಪಕರು ಓದಿದರೆ ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತಾರೆ. ಜರ್ಮನಿಯ ಪ್ರವೇಶ ಸಮಿತಿ ಅಲ್ಲೇ ನಿಲ್ಲುತ್ತದೆ. ಅಲ್ಲಿ 1 ಅತ್ಯುತ್ತಮ, 4 ಕೇವಲ ಉತ್ತೀರ್ಣ. ಹೊರದೇಶದ ಅಂಕವನ್ನು ಈ ಮಾನಕ್ಕೆ ಇಳಿಸಲು ‘ಪರಿಷ್ಕೃತ ಬವೇರಿಯನ್ ಸೂತ್ರ’ ಬಳಕೆಯಲ್ಲಿದೆ: ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಬಂದದ್ದನ್ನು ಗರಿಷ್ಠಕ್ಕೂ ಉತ್ತೀರ್ಣತೆಯ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಕನಿಷ್ಠವನ್ನು 4 ಎಂದು ಹಿಡಿದರೆ ನಮ್ಮ 8.5 ಅಲ್ಲಿ 1.75 ಆಗುತ್ತದೆ; 5 ಎಂದು ಹಿಡಿದರೆ 1.9. ವಿದ್ಯಾರ್ಥಿ ಅದೇ, ಉತ್ತರಪತ್ರಿಕೆ ಅದೇ. ಅವನು ಬರೆಯದೆ ಬಿಟ್ಟ ಒಂದು ಅಂಕಿ ಅವನ ಸ್ಥಾನವನ್ನು ಬದಲಿಸಿತು.

ಊರೊಳಗೂ ಈ ತೊಡಕು ಇಲ್ಲದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇಕಡಾವಾರು. 8.5 ಎಂದರೆ 77.5. ನೇರವಾಗಿ ಹತ್ತರಿಂದ ಗುಣಿಸಿದವನು 85 ಎಂದು ಬರೆದಿರುತ್ತಾನೆ. ಅಮೆರಿಕದ ನಾಲ್ಕರ ಮಾನಕ್ಕೆ ತಾವೇ ಇಳಿಸಿ 3.4 ಎಂದು ಬರೆಯುವವರೂ ಉಂಟು. ಆದರೆ ಹಲವು ಅಮೆರಿಕನ್ ವಿಶ್ವವಿದ್ಯಾಲಯಗಳು ಪರಿವರ್ತನೆ ಬೇಡ, ನಿಮ್ಮ ಸಂಸ್ಥೆಯ ಮಾನದಲ್ಲೇ ಬರೆಯಿರಿ ಎಂದು ಸೂಚಿಸುತ್ತವೆ. ಇನ್ನು ನಮ್ಮ ‘ಡಿಸ್ಟಿಂಕ್ಷನ್’ ಶುರುವಾಗುವ ಶೇಕಡಾ 70, ಅಲ್ಲಿನ ರೂಢಿಯ ಅಕ್ಷರಶ್ರೇಣಿಯಲ್ಲಿ ‘ಸಿ’ಯ ಆಸುಪಾಸು. ಬ್ರಿಟನ್ನಿನಲ್ಲಿ ಅದೇ 70 ಪ್ರಥಮ ದರ್ಜೆ.

ಅಂಕಿಯ ಮಾತು ಸೂತ್ರದಿಂದ ಬಗೆಹರಿಯುತ್ತದೆ. ರ‍್ಯಾಂಕಿನದು ಹಾಗಲ್ಲ, ಅದರ ಹಿಂದೆ ಇತಿಹಾಸವಿದೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಅಚ್ಚಿನಲ್ಲಿ ಎರಕಗೊಂಡವು: ಪಾಠ ಕಾಲೇಜುಗಳದು, ಪರೀಕ್ಷೆ ವಿಶ್ವವಿದ್ಯಾಲಯದ್ದು. ಆದ್ದರಿಂದ ನಮ್ಮಲ್ಲಿ ರ‍್ಯಾಂಕ್ ಎಂದರೆ ಒಂದು ತರಗತಿಯೊಳಗಿನ ಸ್ಥಾನವಲ್ಲ. ಸಂಯೋಜಿತ ಕಾಲೇಜುಗಳೆಲ್ಲ ಒಂದೇ ಪ್ರಶ್ನೆಪತ್ರಿಕೆ ಬರೆದಾಗಿನ ಸ್ಥಾನ. ಅಮೆರಿಕದ ಓದುಗನ ಮನಸ್ಸಿನಲ್ಲಿರುವುದು ತಾನೇ ಪಾಠ ಹೇಳಿ ತಾನೇ ಅಂಕ ಕೊಡುವ ಕಾಲೇಜು. ‘ಏಳನೇ ರ‍್ಯಾಂಕ್’ ಎಂದಷ್ಟೇ ಕಂಡರೆ ಅವನು ಅರವತ್ತು ಜನರ ಕೊಠಡಿಯಲ್ಲಿ ಏಳನೆಯವನನ್ನು ಊಹಿಸಿಕೊಳ್ಳುತ್ತಾನೆ. ಎಷ್ಟು ಕಾಲೇಜುಗಳ ಎಷ್ಟು ಅಭ್ಯರ್ಥಿಗಳಲ್ಲಿ ಎಂಬುದನ್ನು ಅದೇ ಸಾಲಿನಲ್ಲಿ ಬರೆಯುವುದು ಜಂಬವಲ್ಲ, ಲೆಕ್ಕ. ಸ್ವಾಯತ್ತ ಕಾಲೇಜಿನ ರ‍್ಯಾಂಕಾದರೆ ಹಾಗೆಂದೇ ಹೇಳಬೇಕು. ಅದನ್ನು ವಿಶ್ವವಿದ್ಯಾಲಯದ ರ‍್ಯಾಂಕೆಂದು ತೋರುವಂತೆ ಬರೆಯುವುದು ಮೋಸ.

ಚಿನ್ನದ ಪದಕದ ಕಥೆ ಇನ್ನೂ ವಿಚಿತ್ರ. ನಮ್ಮ ಘಟಿಕೋತ್ಸವಗಳಲ್ಲಿ ಒಬ್ಬಳೇ ಹುಡುಗಿ ಹಲವು ಪದಕಗಳನ್ನು ಕೊರಳಿಗೆ ಹಾಕಿಕೊಂಡ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಇವು ಬಹುಪಾಲು ದತ್ತಿ ಪದಕಗಳು: ಯಾರದೋ ನೆನಪಿಗೆ ಯಾರೋ ಇಟ್ಟ ಹಣದ ಬಡ್ಡಿಯಿಂದ, ಒಂದು ಪತ್ರಿಕೆಗೋ ಒಂದು ವಿಷಯಕ್ಕೋ ಕೊಡುವಂಥವು. ಎಲ್ಲವನ್ನೂ ಪಟ್ಟಿ ಮಾಡಿದರೆ ದೂರದ ಓದುಗನಿಗೆ ದಾನಿಗಳ ಹೆಸರುಗಳಷ್ಟೇ ಕಾಣುತ್ತವೆ. ‘ಸಾವಯವ ರಸಾಯನಶಾಸ್ತ್ರದಲ್ಲಿ ವಿಶ್ವವಿದ್ಯಾಲಯಕ್ಕೇ ಅತ್ಯಧಿಕ ಅಂಕ’ ಎಂಬ ಒಂದು ಸಾಲು ಅಷ್ಟೂ ಹೆಸರುಗಳ ಕೆಲಸ ಮಾಡುತ್ತದೆ.

ಸಿ. ವಿ. ರಾಮನ್ 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಮುಗಿಸಿದಾಗ ಮೊದಲ ಸ್ಥಾನ, ಭೌತಶಾಸ್ತ್ರದ ಚಿನ್ನದ ಪದಕ ಎರಡೂ ಅವರದೇ. 1906ರ ನವೆಂಬರಿನಲ್ಲಿ, ಎಂ.ಎ. ಇನ್ನೂ ಮುಗಿಯದಿದ್ದಾಗ, ಬೆಳಕಿನ ವಿವರ್ತನೆ ಕುರಿತ ಅವರ ಲೇಖನ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜಿನ್’ನಲ್ಲಿ ಬಂತು. ಆ ಪದಕದ ತೂಕ ತಿಳಿಯಲು ಮದ್ರಾಸನ್ನು ಬಲ್ಲವರೇ ಬೇಕಿತ್ತು. ಲೇಖನಕ್ಕೆ ದುಭಾಷಿ ಬೇಕಿರಲಿಲ್ಲ. ಇಂದು ಹಣ ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳಿವೆ. ಅಂಥದೊಂದು ಪ್ರಕಟಣೆ ಸ್ವವಿವರದಲ್ಲಿದ್ದರೆ ಪಕ್ಕದ ಸಾಚಾ ಸಾಲುಗಳಿಗೂ ಮಸಿ. ಪ್ರಕಟಿತ, ಸ್ವೀಕೃತ, ಪರಿಶೀಲನೆಯಲ್ಲಿ – ಯಾವುದೆಂಬುದು ಸ್ಪಷ್ಟವಿರಬೇಕು. ‘ಸಿದ್ಧತೆಯಲ್ಲಿ’ ಎಂಬುದನ್ನು ನಾನಂತೂ ಹೊಡೆದುಹಾಕುತ್ತೇನೆ.

ತಂದೆಯ ಹೆಸರು, ಜನ್ಮದಿನಾಂಕ, ಎಸ್ಸೆಸ್ಸೆಲ್ಸಿ ಅಂಕ ಇವೆಲ್ಲ ನಮ್ಮ ಬಯೋಡೇಟಾದ ಪಳೆಯುಳಿಕೆಗಳು. ಅಮೆರಿಕದ ಅರ್ಜಿಗೆ ಬೇಡ.

ಉಳಿದದ್ದು ಪ್ರಾಜೆಕ್ಟು. ಕೊನೆಯ ವರ್ಷ ನಾಲ್ವರು ಸೇರಿ ಮಾಡಿದ ಕೆಲಸ ನಾಲ್ವರ ಸ್ವವಿವರದಲ್ಲೂ ಒಂದೇ ವಾಕ್ಯವಾಗಿ ಬಂದಿರುತ್ತದೆ, ಅದೂ ಕರ್ಮಣಿಯಲ್ಲಿ: ‘ನೀರಿನ ಗುಣಮಟ್ಟ ಅಳೆಯುವ ಸಾಧನವನ್ನು ರೂಪಿಸಲಾಯಿತು.’ ಯಾರಿಂದ? ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ನಂಥ ಕೆಲಸವನ್ನೂ ನಮ್ಮವರು ಹೀಗೇ ಕರ್ತೃವಿಲ್ಲದೆ ಬರೆಯುತ್ತಾರೆ. ‘ನಾನು’ ಎನ್ನಲು ಸಂಕೋಚವೇನೋ ಸರಿ. ಒಬ್ಬ ವಿದ್ಯಾರ್ಥಿನಿಯ ಕರಡನ್ನು ಮುಂದಿಟ್ಟುಕೊಂಡು, ಇದರಲ್ಲಿ ನಿನ್ನ ಪಾಲೇನಮ್ಮ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೆನ್ಸರ್ ಮಳೆಗಾಲದಲ್ಲಿ ತಪ್ಪು ತೋರಿಸ್ತಿತ್ತು ಸರ್, ಅದನ್ನ ಸರಿ ಮಾಡಿದ್ದು ನಾನೇ’ ಎಂದಳು. ಕರಡಿನಲ್ಲಿ ಅದು ಎಲ್ಲಿಯೂ ಇರಲಿಲ್ಲ.