ಕಾವಲಿಯ ಮೇಲಿನ ಚರಿತ್ರೆ



ಕನಕಪುರ ತಾಲ್ಲೂಕಿನ ಕಬ್ಬಾಳಿಗೆ ಹೋದವರಿಗೆ ಎರಡು ಸಂಗತಿಗಳು ನೆನಪಿನಲ್ಲಿ ಉಳಿಯುತ್ತವೆ. ಒಂದು, ಸುತ್ತಮುತ್ತಲ ಹಳ್ಳಿಗಳ ಜನ ಭಕ್ತಿಯಿಂದ ನಡೆದುಕೊಳ್ಳುವ ಕಬ್ಬಾಳಮ್ಮನ ಗುಡಿ. ಇನ್ನೊಂದು, ಊರಿನ ಹತ್ತಿರವೇ ಎದ್ದು ನಿಂತಿರುವ ಕಡಿದಾದ ಕಲ್ಲಿನ ಬೆಟ್ಟ, ಕಬ್ಬಾಳದುರ್ಗ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಈ ದುರ್ಗ ಸೆರೆಮನೆಯಾಗಿತ್ತು. ಚರಿತ್ರೆ ಎಂದೊಡನೆ ನಮ್ಮ ಕಣ್ಣು ಇಂಥ ಬೆಟ್ಟದ ಕಡೆಗೆ ಹೋಗುವುದು ಸಹಜ. ಆದರೆ ಬೆಟ್ಟದ ಬುಡದಲ್ಲಿರುವ ಮನೆಗಳ ಅಡಿಗೆಮನೆಗೂ ಒಂದು ಚರಿತ್ರೆ ಇದೆ. ಅದನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ, ಅಷ್ಟೆ.

ಈ ಲೇಖನದಲ್ಲಿ ಅಂಥ ಒಂದು ಸಣ್ಣ ವಸ್ತುವನ್ನು ಎತ್ತಿಕೊಳ್ಳೋಣ. ಅದು ಆಮ್ಲೆಟ್. ಐದು ನಿಮಿಷದಲ್ಲಿ ಆಗುವ ಈ ತಿಂಡಿಗೆ ಎಂಥ ಚರಿತ್ರೆ ಎಂದು ನೀವು ನಗಬಹುದು. ಆದರೆ ಒಂದು ಮನೆಯಲ್ಲಿ ಮೊಟ್ಟೆ ಒಡೆದು ಕಾವಲಿಗೆ ಹುಯ್ಯಬೇಕಾದರೆ, ಆ ಮೊಟ್ಟೆ ಬೇರೆ ಯಾವ ಕೆಲಸಕ್ಕೂ ಬೇಡವಾಗಿರಬೇಕು. ಈ ಮಾತನ್ನು ಹಿಡಿದು ಹೊರಟರೆ ನಾವು ಬಹಳ ದೂರ ಹೋಗಬಹುದು.

ಒಡೆಯಬಾರದ ಮೊಟ್ಟೆ

ಹಳ್ಳಿಯ ಮನೆಯ ನಾಟಿ ಕೋಳಿಯ ಲೆಕ್ಕವನ್ನು ನೋಡಿ. ಒಂದು ಹೇಂಟೆ ಒಂದು ಸರದಿಗೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಆಮೇಲೆ ಇಡುವುದನ್ನು ನಿಲ್ಲಿಸಿ ಕಾವಿಗೆ ಕೂರುತ್ತದೆ. 21 ದಿನಕ್ಕೆ ಮರಿ ಹೊರಬರುತ್ತವೆ. ಮರಿಗಳು ತಮ್ಮ ಪಾಡಿಗೆ ತಾವು ಕೆದಕಿ ತಿನ್ನುವವರೆಗೆ ತಾಯಿಗೆ ಬೇರೆ ಕೆಲಸವಿಲ್ಲ. ಹೀಗಾಗಿ ವರ್ಷಕ್ಕೆಲ್ಲ ಸೇರಿ ಒಂದು ನಾಟಿ ಕೋಳಿಯಿಂದ ಸಿಗುವುದು ಸುಮಾರು 60 ಮೊಟ್ಟೆ. ಮರಿಗಳಲ್ಲಿ ಹದ್ದಿಗೆ, ಮುಂಗುಸಿಗೆ, ಕೊಕ್ಕರೆ ರೋಗಕ್ಕೆ ಹೋದವು ಹೋಗಿ ಉಳಿದದ್ದೇ ಲಾಭ.

ಆ ಲಾಭ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳದು. ಹೊಲ ಗಂಡಸಿನ ಹೆಸರಿನಲ್ಲಿದ್ದರೂ ಹಿತ್ತಲ ಕೋಳಿ ಹೆಂಗಸಿನ ಕೈಯಲ್ಲಿರುತ್ತಿತ್ತು. ಕೋಳಿ ಮಾರಿದ ದುಡ್ಡು ಸಂತೆಯ ಖರ್ಚಿಗೆ, ಮಗುವಿನ ಅಂಗಿಗೆ, ಬಳೆಗೆ. ಕೋಳಿ ಇಲ್ಲದವರು ಇದ್ದವರಿಂದ ಒಂದು ಹೇಂಟೆಯನ್ನು ವಾರಕ್ಕೆ ತಂದು ಸಾಕಿ, ಮರಿಗಳನ್ನು ಪಾಲು ಮಾಡಿಕೊಳ್ಳುವ ಪದ್ಧತಿಯೂ ಇತ್ತು. ಇಂಥ ಮನೆಯಲ್ಲಿ ಮೂರು ಮೊಟ್ಟೆ ಒಡೆದರೆ ಮೂರು ಕೋಳಿಯನ್ನು ಕಳೆದುಕೊಂಡಂತೆ.

ಕನಕಪುರ, ರಾಮನಗರದ ಕಡೆ ರೇಷ್ಮೆ ಸಾಕುವವರ ಬಾಯಲ್ಲಿ ಮೊಟ್ಟೆ ಎಂದರೆ ರೇಷ್ಮೆ ಹುಳುವಿನ ಮೊಟ್ಟೆಯೂ ಹೌದು. ಎರಡು ಮಾತಿನ ಹಿಂದೆಯೂ ಒಂದೇ ತಿಳಿವಳಿಕೆ ಇದೆ. ರೈತನ ಮನೆಯಲ್ಲಿ ಮೊಟ್ಟೆ ಮೊದಲು ಬೀಜ, ಆಮೇಲೆ ಆಹಾರ. ಬಿತ್ತನೆಯ ರಾಗಿಯನ್ನು ಕಷ್ಟಕ್ಕೆ ಬಿದ್ದ ಮನೆ ಮಾತ್ರ ಬೀಸಿ ಮುದ್ದೆ ಮಾಡಿಕೊಳ್ಳುತ್ತದೆ, ಅಲ್ಲವೇ?

ಕಾಡಿನಿಂದ ಹಿತ್ತಲಿಗೆ

ಕೋಳಿ ನಮ್ಮ ಹಿತ್ತಲಿಗೆ ಬಂದದ್ದು ಎಲ್ಲಿಂದ? ಅದರ ಮೂಲ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಸಾಕಿದ ಕೋಳಿಯ ಅತ್ಯಂತ ಹಳೆಯ ಮೂಳೆಗಳು ದೊರೆತಿರುವುದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ. ಅವು ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವು. ಭತ್ತ ಮತ್ತು ಕಿರುಧಾನ್ಯದ ಬೆಳೆ ಬಂದಲ್ಲಿ ಕಾಳಿನ ಆಸೆಗೆ ಕಾಡುಕೋಳಿ ಹಳ್ಳಿಯ ಅಂಚಿಗೆ ಬಂತು, ಕ್ರಮೇಣ ಹಳ್ಳಿಯದೇ ಆಯಿತು ಎಂದು ಆ ವಿದ್ವಾಂಸರು ಹೇಳುತ್ತಾರೆ.

ಇದರಲ್ಲಿ ನಮ್ಮ ಸೀಮೆಯ ಪಾಲೂ ಉಂಟು. ಕನಕಪುರದ ದಕ್ಷಿಣಕ್ಕೆ ಕಾವೇರಿಯ ಕಾಡುಗಳಿವೆ. ಅಲ್ಲಿ ಕೂಗುವ ಕಾಡುಕೋಳಿ ಕೆಂಪು ಜಾತಿಯದಲ್ಲ, ದಕ್ಷಿಣ ಭಾರತಕ್ಕೇ ವಿಶೇಷವಾದ ಬೂದು ಜಾತಿಯದು. 2008ರಲ್ಲಿ ವಿಜ್ಞಾನಿಗಳು ಒಂದು ಕುತೂಹಲದ ಅಂಶವನ್ನು ಕಂಡುಕೊಂಡರು. ಜಗತ್ತಿನ ಅನೇಕ ಸಾಕು ಕೋಳಿಗಳ ಚರ್ಮ ಮತ್ತು ಕಾಲು ಹಳದಿಯಾಗಿರುವುದಕ್ಕೆ ಕಾರಣವಾದ ಜೀನ್ ಬಂದದ್ದು ಈ ಬೂದು ಕಾಡುಕೋಳಿಯಿಂದ. ಅಂದರೆ ಎಂದೋ ಒಂದು ಕಾಲದಲ್ಲಿ ಹಿತ್ತಲ ಹೇಂಟೆಯೂ ಕಾಡಿನ ಹುಂಜವೂ ಕೂಡಿದ ಗುರುತು ಇಂದು ಜಗತ್ತಿನ ಅನೇಕ ಕೋಳಿಗಳ ಕಾಲಿನಲ್ಲಿದೆ.

ಹಳೆಯ ಪುಸ್ತಕಗಳು

ಇಷ್ಟು ಹಳೆಯ ಪರಿಚಯವಿದ್ದರೂ ನಮ್ಮ ಹಿಂದಿನವರು ಮೊಟ್ಟೆಯನ್ನು ಹೇಗೆ ಬೇಯಿಸುತ್ತಿದ್ದರು ಎಂಬುದನ್ನು ಪುಸ್ತಕದಿಂದ ತಿಳಿಯುವುದು ಕಷ್ಟ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡಿಗೆಗಳ ವಿವರವಿದೆ. ಆದರೆ ಅದು ಅರಮನೆಯ ಊಟ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಅಡಿಗೆಯ ಬಗೆಗೇ ‘ಸೂಪಶಾಸ್ತ್ರ’ ಬರೆದ. ಅವನು ಜೈನ ಕವಿ, ಅವನದು ಶಾಕಾಹಾರದ ಗ್ರಂಥ. ಓದು ಬರಹ ಬಲ್ಲವರು ತಾವು ಉಣ್ಣುವುದನ್ನು ಬರೆದಿಟ್ಟರು. ಕೋಳಿ ಸಾಕುತ್ತಿದ್ದ ಮನೆಗಳಲ್ಲಿ ಬರೆಯುವವರು ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಊರಿನಲ್ಲೂ ಇರಲಿಲ್ಲ ಎಂದು ತಿಳಿಯಬಾರದು. ಚರಿತ್ರೆಯ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠಗಳಲ್ಲಿ ಇದೂ ಒಂದು.

ಆಮ್ಲೆಟ್ ಬಂದ ದಾರಿ

ಮೊಟ್ಟೆ ಕಲಕಿ ಹಂಚಿನ ಮೇಲೆ ಬೇಯಿಸುವ ವಿದ್ಯೆ ಒಂದೇ ದೇಶದ್ದಲ್ಲ. ಪರ್ಷಿಯಾದವರು ಸೊಪ್ಪು ಸೇರಿಸಿ ದಪ್ಪನಾಗಿ ಬೇಯಿಸುವುದನ್ನು ‘ಕೂಕೂ’ ಎನ್ನುತ್ತಾರೆ. ಪ್ರಾಚೀನ ರೋಮಿನ ಅಡಿಗೆಗಳ ಸಂಗ್ರಹವಾದ ‘ಅಪಿಸಿಯಸ್’ನಲ್ಲಿ ಮೊಟ್ಟೆಯನ್ನು ಹಾಲಿನೊಂದಿಗೆ ಕಲಕಿ ಎಣ್ಣೆಯಲ್ಲಿ ಬೇಯಿಸಿ, ಮೇಲೆ ಜೇನು ಸುರಿದು ಮೆಣಸಿನ ಪುಡಿ ಉದುರಿಸುವ ಕ್ರಮವಿದೆ. ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗಿನಲ್ಲಿ ಹೋಗುತ್ತಿದ್ದದ್ದು. ಆಮ್ಲೆಟ್ ಇಲ್ಲಿಗೆ ಬರುವ ಎಷ್ಟೋ ಶತಮಾನ ಮೊದಲೇ ನಮ್ಮ ಮೆಣಸು ಅದರ ಬಂಧುಗಳನ್ನು ಹುಡುಕಿಕೊಂಡು ಹೋಗಿತ್ತು!

‘ಆಮ್ಲೆಟ್’ ಎಂಬ ಪದ ಫ್ರೆಂಚರದು. ತೆಳುವಾದ ತಗಡು ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ. ಇಂಗ್ಲಿಷಿನ ಮೂಲಕ ಅದು ನಮ್ಮಲ್ಲಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಬೆಂಗಳೂರಿನ ದಂಡಿಗೆ ತಂದರು. ದೊರೆಗಳ ಬಂಗಲೆಗಳಲ್ಲಿ ಅಡಿಗೆ ಮಾಡುತ್ತಿದ್ದವರು ಈ ನಾಡಿನ ಬಟ್ಲರುಗಳೇ. ಅವರಿಗೆ ಅಡಿಗೆ ಹೇಳಿಕೊಡುವುದು ಹೇಗೆಂದು ದೊರೆಸಾನಿಯರಿಗಾಗಿ ಪುಸ್ತಕಗಳು ಬಂದವು. ಕರ್ನಲ್ ಕೆನ್ನಿ ಹರ್ಬರ್ಟ್ ‘ವೈವರ್ನ್’ ಎಂಬ ಹೆಸರಿನಲ್ಲಿ 1878ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪುಸ್ತಕ ಅವುಗಳಲ್ಲಿ ಪ್ರಸಿದ್ಧವಾದದ್ದು.

ಅದೇ ಕಾಲದಲ್ಲಿ ರಸ್ತೆಗಳ ಪಕ್ಕದಲ್ಲಿ ಪ್ರವಾಸಿ ಬಂಗಲೆಗಳು ಎದ್ದವು. ಹೊತ್ತು ಗೊತ್ತಿಲ್ಲದೆ ಬಂದಿಳಿಯುವ ಅಧಿಕಾರಿಗೆ ಬಂಗಲೆಯ ಅಡಿಗೆಯವನು ಏನು ಕೊಡಬಲ್ಲ? ಕುರಿ ಕೊಯ್ದರೆ ಒಬ್ಬನಿಗೆ ಹೆಚ್ಚು. ಮೀನು ಎಲ್ಲ ಕಡೆ ಸಿಗದು. ಆದರೆ ಮೊಟ್ಟೆ ಯಾವ ಹಳ್ಳಿಯಲ್ಲೂ ಉಂಟು, ಸಿಪ್ಪೆಯೊಳಗೆ ಭದ್ರವಾಗಿಯೂ ಇರುತ್ತದೆ. ಹಿತ್ತಲ ಮೊಟ್ಟೆಗೆ ಹೀಗೆ ಊರಾಚೆಯ ಗಿರಾಕಿ ಹುಟ್ಟಿಕೊಂಡ. 1881-82ರಲ್ಲಿ ಬೆಂಗಳೂರು-ಮೈಸೂರು ರೈಲು ರಾಮನಗರ, ಚನ್ನಪಟ್ಟಣಗಳ ಮೂಲಕ ಓಡತೊಡಗಿದಾಗ ಪ್ರಯಾಣಿಕರೂ ಹೆಚ್ಚಿದರು.

ನಮ್ಮ ಕೈಗೆ ಬಂದ ಆಮ್ಲೆಟ್ ಮೊದಲಿನಂತೆ ಉಳಿಯಲಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿ ಅದು ಮಸಾಲೆ ಆಮ್ಲೆಟ್ ಆಯಿತು. ಇವುಗಳಲ್ಲಿ ಮೆಣಸಿನಕಾಯಿಯೂ ಪರಸ್ಥಳದ್ದೇ. 1498ರ ನಂತರ ಪೋರ್ಚುಗೀಸರ ಹಡಗುಗಳ ಮೂಲಕ ಅಮೆರಿಕಾ ಖಂಡದಿಂದ ಬಂದದ್ದು. ನಮಗೆ ಗೊತ್ತಿದ್ದ ಖಾರ ಮೆಣಸು, ಹೊಸದು ಕಾಯಿಯಾಗಿ ಬಂತು. ಆದ್ದರಿಂದ ಅದು ಮೆಣಸಿನಕಾಯಿ. ಹೆಸರಿನಲ್ಲೇ ದಾಖಲೆ ಇದೆ.

ಮನೆಯಲ್ಲಿ ಮಾಡಿ ನೋಡಿ

ಈಗ ಕಾವಲಿಯ ಮುಂದೆ ನಿಲ್ಲೋಣ. ಬೇರೆ ಬೇರೆ ಬಗೆಯ ಆಮ್ಲೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಮ್ಲೆಟ್ಟಿನ ಆಕಾರ ಆ ಮನೆಯಲ್ಲಿ ಮೊಟ್ಟೆ ಎಷ್ಟಿತ್ತು ಎಂಬುದನ್ನು ಹೇಳುತ್ತದೆ.

ಫ್ರೆಂಚರ ಆಮ್ಲೆಟ್ಟಿಗೆ ಒಬ್ಬರಿಗೇ ಎರಡು ಮೂರು ಮೊಟ್ಟೆ ಬೇಕು. ಬೆಣ್ಣೆ ಕರಗಿದ ಬಾಣಲೆಗೆ ಕಲಕಿದ ಮೊಟ್ಟೆ ಹಾಕಿ, ಅಂಚು ಗಟ್ಟಿಯಾಗುತ್ತಿದ್ದಂತೆ ಒಳಕ್ಕೆ ಎಳೆಯುತ್ತ, ನಡುವೆ ಇನ್ನೂ ಮೆದುವಾಗಿರುವಾಗಲೇ ಮಡಿಸಿ ತೆಗೆಯುತ್ತಾರೆ. ಇದು ಸಮೃದ್ಧಿಯ ಆಮ್ಲೆಟ್.

ನಮ್ಮ ಮಸಾಲೆ ಆಮ್ಲೆಟ್ಟಿಗೆ ಒಂದೋ ಎರಡೋ ಮೊಟ್ಟೆ ಸಾಕು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಚಿಟಿಕೆ ಅರಿಸಿನ, ಉಪ್ಪು ಸೇರಿಸಿ ನೊರೆ ಬರುವಂತೆ ಕಲಕಿ, ದೋಸೆಯಂತೆ ತೆಳುವಾಗಿ ಹರಡಿ, ಎರಡೂ ಕಡೆ ಕೆಂಪಗೆ ಬೇಯಿಸುತ್ತೇವೆ. ಈರುಳ್ಳಿ ರುಚಿಗೂ ಹೌದು, ಹೆಚ್ಚಿಸುವುದಕ್ಕೂ ಹೌದು. ಒಂದು ಮೊಟ್ಟೆ ತಟ್ಟೆ ತುಂಬ ಕಾಣುತ್ತದೆ, ಇಬ್ಬರು ಮಕ್ಕಳಿಗೆ ಹರಿದು ಹಂಚಬಹುದು.

ಮೊಟ್ಟೆ ದೋಸೆಯಲ್ಲಿ ಮೊಟ್ಟೆ ಇನ್ನೂ ದೂರ ಸಾಗುತ್ತದೆ. ಕಾವಲಿಯ ಮೇಲೆ ದೋಸೆ ಹುಯ್ದು, ಅದು ಹಸಿಯಾಗಿರುವಾಗಲೇ ಮೊಟ್ಟೆ ಒಡೆದು ಸವರಿ, ಮೆಣಸಿನ ಪುಡಿ ಉದುರಿಸಿ ಮಗುಚಬೇಕು. ಹೊಟ್ಟೆ ತುಂಬಿಸುವುದು ಅಕ್ಕಿ, ಸತ್ವ ಕೊಡುವುದು ಮೊಟ್ಟೆ. ಬ್ರೆಡ್ ಆಮ್ಲೆಟ್ಟಿನಲ್ಲಿ ಅಕ್ಕಿಯ ಕೆಲಸವನ್ನು ಬ್ರೆಡ್ ಮಾಡುತ್ತದೆ. ರೈಲು ನಿಲ್ದಾಣದಲ್ಲೂ ಸಂಜೆಯ ತಳ್ಳುಗಾಡಿಯಲ್ಲೂ ಕೈಯಲ್ಲಿ ಹಿಡಿದು ತಿನ್ನಬಹುದಾದ ಊಟ ಅದು.

ಕೊನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು, ಮೊಟ್ಟೆಯೇ ಇಲ್ಲದ ಟೊಮೆಟೊ ಆಮ್ಲೆಟ್. ಕಡಲೆ ಹಿಟ್ಟನ್ನು ನೀರಿನಲ್ಲಿ ಕಲಸಿ, ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಸೇರಿಸಿ ಹುಯ್ಯುವುದು. ಹೆಸರು ಮೊಟ್ಟೆ ತಿನ್ನದ ಮನೆಯ ಹೊಸ್ತಿಲನ್ನೂ ದಾಟಿತು, ಮೊಟ್ಟೆ ಮಾತ್ರ ಹೊರಗೆ ನಿಂತಿತು!

ಯಾವುದೇ ಬಗೆಯಾದರೂ ಒಂದು ವಿಷಯ ನೆನಪಿಡಿ. ಮೊಟ್ಟೆಯ ಬಿಳಿಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗತೊಡಗುತ್ತದೆ, ಹಳದಿ ಭಾಗ ಸ್ವಲ್ಪ ಹೆಚ್ಚಿನ ಕಾವಿನಲ್ಲಿ. ಕಾವು ಮಿತಿಮೀರಿದರೆ ಪ್ರೋಟೀನು ಬಿಗಿದುಕೊಂಡು ನೀರನ್ನು ಹಿಂಡಿ ಹೊರಹಾಕುತ್ತದೆ. ಆಮ್ಲೆಟ್ ರಬ್ಬರಿನಂತಾಗುವುದು ಹೀಗೆ. ಉರಿ ಮಧ್ಯಮವಾಗಿರಲಿ.

ಬೀಜ ಆಹಾರವಾದದ್ದು

ಹಾಗಾದರೆ ಮೊಟ್ಟೆ ಬೀಜವಾಗಿ ಉಳಿಯದೆ ದಿನದ ಆಹಾರವಾದದ್ದು ಯಾವಾಗ? ಕಾವಿಗೆ ಕೂರದ ಕೋಳಿ ಬಂದಾಗ. ಇಟಲಿ ಮೂಲದ ಲೆಗ್‌ಹಾರ್ನ್ ತಳಿಯಿಂದ ಬೆಳೆಸಿದ ಕೋಳಿಗಳು ಕಾವನ್ನು ಬಹುಮಟ್ಟಿಗೆ ಮರೆತಿವೆ. ಇಂದಿನ ಫಾರಂ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಹುಂಜವಿಲ್ಲದೆ ಇಟ್ಟ ಈ ಮೊಟ್ಟೆಗಳಿಂದ ಮರಿಯೂ ಆಗುವುದಿಲ್ಲ. ಒಡೆಯಬೇಡವೆನ್ನಲು ಈಗ ಕಾರಣವಿಲ್ಲ. 1982ರಲ್ಲಿ ಕೋಳಿ ಸಾಕುವವರು ಸೇರಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ದೂರದರ್ಶನದಲ್ಲಿ ಬರುತ್ತಿದ್ದ ಅದರ ಜಾಹೀರಾತು ನಿಮ್ಮ ತಂದೆ ತಾಯಿಗೆ ಇನ್ನೂ ಬಾಯಿಪಾಠವಿರಬಹುದು.

ಹಿತ್ತಲನ್ನೂ ವಿಜ್ಞಾನ ಮರೆಯಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಕೋಳಿ ವಿಜ್ಞಾನಿಗಳು 1989ರಲ್ಲಿ ‘ಗಿರಿರಾಜ’ ತಳಿಯನ್ನು ಬಿಡುಗಡೆ ಮಾಡಿದರು. ನಾಟಿ ಕೋಳಿಯಂತೆ ಬಣ್ಣದ ರೆಕ್ಕೆ, ಕೆದಕಿ ತಿನ್ನುವ ಸ್ವಭಾವ, ಆದರೆ ವರ್ಷಕ್ಕೆ 130ರಿಂದ 150 ಮೊಟ್ಟೆ. ಹಳ್ಳಿಯ ಹೆಣ್ಣುಮಗಳ ಲೆಕ್ಕ ಇದರಿಂದ ಬದಲಾಯಿತು. ಮಾರಿದ ಮೇಲೂ ಮನೆಗೆ ಮೊಟ್ಟೆ ಉಳಿಯುವಂತಾಯಿತು.

ಆದರೂ ಎಲ್ಲ ಮನೆಗಳಲ್ಲೂ ಉಳಿಯಿತೇ? ಇಲ್ಲ. ಅದಕ್ಕಾಗಿಯೇ ಮೊಟ್ಟೆ ಶಾಲೆಗೆ ಬರಬೇಕಾಯಿತು. ನೆರೆಯ ತಮಿಳುನಾಡಿನಲ್ಲಿ 1989ರಲ್ಲೇ ಬಿಸಿಯೂಟಕ್ಕೆ ಮೊಟ್ಟೆ ಸೇರಿತ್ತು. ನಮ್ಮ ರಾಜ್ಯದಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದ್ದದ್ದೇ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು, ಶಾಲೆಯ ಮಕ್ಕಳೂ ತಮಗೆ ಮೊಟ್ಟೆ ಬೇಕೆಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳಿಗೆ ಸುಮಾರು 1500 ಕೋಟಿ ರೂಪಾಯಿ ನೆರವು ನೀಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಕೊಡುವ ವ್ಯವಸ್ಥೆಯಾಯಿತು.

ಶಾಲೆಯಲ್ಲಿ ಕೊಡುವುದು ಬೇಯಿಸಿದ ಇಡೀ ಮೊಟ್ಟೆ, ಆಮ್ಲೆಟ್ ಅಲ್ಲ. ಏಕೆ? ಬೇಯಿಸುವುದು ಸುಲಭ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ನಾವು ಈಗ ನೋಡಿದ ಚರಿತ್ರೆಯಲ್ಲೇ ಇದೆ. ಆಮ್ಲೆಟ್ಟನ್ನು ಈರುಳ್ಳಿಯಿಂದ ಹೆಚ್ಚಿಸಬಹುದು, ನೀರು ಬೆರೆಸಿ ತೆಳುಮಾಡಬಹುದು, ಒಂದನ್ನು ಇಬ್ಬರಿಗೆ ಹರಿಯಬಹುದು. ಸಿಪ್ಪೆಯೊಳಗಿನ ಮೊಟ್ಟೆಯನ್ನು ಹಾಗೆ ಮಾಡಲಾಗದು. ಅದನ್ನು ಎಣಿಸಬಹುದು. ತಟ್ಟೆಗೊಂದು ಎಂದರೆ ತಟ್ಟೆಗೊಂದೇ. ಅದರೊಳಗಿನ ಸುಮಾರು ಆರು ಗ್ರಾಂ ಪ್ರೋಟೀನು ಆ ಮಗುವಿನದೇ.

ಮುಂದಿನ ಸಲ ಮನೆಯಲ್ಲಿ ಆಮ್ಲೆಟ್ ಮಾಡುವಾಗ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ನೀವು ಚಿಕ್ಕವರಿದ್ದಾಗ ಮನೆಯಲ್ಲಿ ಕೋಳಿ ಎಷ್ಟಿದ್ದವು? ಮೊಟ್ಟೆ ಮಾರಿದ ದುಡ್ಡು ಯಾರ ಕೈಗೆ ಬರುತ್ತಿತ್ತು? ಮೊಟ್ಟೆ ಮಾಡಿದ ದಿನ ಮೊದಲು ಬಡಿಸುತ್ತಿದ್ದದ್ದು ಯಾರಿಗೆ, ಗಂಡುಮಕ್ಕಳಿಗೋ ಹೆಣ್ಣುಮಕ್ಕಳಿಗೋ? ಉತ್ತರಗಳನ್ನು ಊರಿನ ಹೆಸರು ಮತ್ತು ಅಂದಾಜು ಇಸವಿಯೊಂದಿಗೆ ನೋಟ್ ಪುಸ್ತಕದಲ್ಲಿ ಬರೆದಿಡಿ. ಕಬ್ಬಾಳದುರ್ಗದ ಸೆರೆಮನೆಯ ಬಗ್ಗೆ ಬರೆದವರು ಹಲವರಿದ್ದಾರೆ. ನಿಮ್ಮ ಅಜ್ಜಿಯ ಕಾವಲಿಯ ಬಗ್ಗೆ ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.